ಅರವತ್ತರ ಜರಡಿ ಮತ್ತು ಡೇಟಾ ಪಂಡಿತರು

ಕ್ಯಾಂಪಸ್ ಸೆಲೆಕ್ಷನ್ ಅನ್ನೋ ವಾರ್ಷಿಕ ಜಾತ್ರೆಯನ್ನ ಬಯ್ಯೋದು ಸುಮಾರು ದಿನದಿಂದ ಬಾಕಿ ಇತ್ತು. ಇವತ್ತು ಭಾನುವಾರ, ಕರೆಂಟೂ ಇದೆ, ಬಯ್ದುಬಿಡ್ತೀನಿ.

ಎಲ್ಲಾ ಕಂಪನಿಗಳನ್ನೂ ಅಲ್ಲ. ನನ್ನ ಸಿಟ್ಟು ಮುಖ್ಯವಾಗಿ "ಡೇಟಾ ಅನಲಿಟಿಕ್ಸ್" ಕೆಲಸಕ್ಕೆ ಹುಡುಗರು ಬೇಕು ಅಂತ ಕಾಲೇಜಿಗೆ ಬರೋರ ಮೇಲೆ. ಬೇರೆಯವರು ಕಣ್ಣುಮುಚ್ಚಿ ಜನ ಆರಿಸಿದ್ರೆ ಹೋಗ್ಲಿ ಬಿಡಿ ಅನ್ನಬಹುದು. ಇವರು ಹಾಗಲ್ಲ ನೋಡಿ. ಬ್ಯಾಂಕಿನವರಿಗೆ, ಸೋಪು ಮಾರೋರಿಗೆ, ಆಸ್ಪತ್ರೆಯವರಿಗೆ "ಅಂದಾಜಲ್ಲಿ ತೀರ್ಮಾನ ಮಾಡಬೇಡಿ ಸ್ವಾಮಿ, ಅಂಕಿ-ಅಂಶ ನೋಡಿ ಮಾಡಿ" ಅಂತ ಪಾಠ ಹೇಳಿ, ಹೇಳಿದ್ದಕ್ಕೆ ದುಡ್ಡು ತಗೊಳ್ಳೋ ಜನ. ತಮ್ಮ ಮನೆಗೆ ಆಳು ಬೇಕಾದಾಗ ಮಾತ್ರ ಇವರ ಅಂಕಿ-ಅಂಶ ಎಲ್ಲಾ ಅಟ್ಟದ ಮೇಲೆ.

ನಾನು ಈ ಜಾತ್ರೆಗೆ ನಿಂತಿದ್ದು 2021ರಲ್ಲಿ, ಏಳನೇ ಸೆಮ್‌ನಲ್ಲಿ. ಕೊರೋನಾ ಕಾಲ, ಎಲ್ಲಾ ಆನ್‌ಲೈನ್. ಮೊದಲ ಬಾಗಿಲಲ್ಲೇ ಬೋರ್ಡು: ಹತ್ತನೇ ಕ್ಲಾಸು, ಪಿಯುಸಿ, ಬಿಇ ಮೂರರಲ್ಲೂ 60 ಪರ್ಸೆಂಟ್ ಇರಬೇಕು. ಮೂರರಲ್ಲೂ! ನಮ್ಮ ವಿಟಿಯು ಲೆಕ್ಕ ಬೇರೆ ಇತ್ತು, ನಮ್ಮ ಸ್ಕೀಮಿನವರಿಗೆ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಬೇಕು. ಅಂದ್ರೆ 6.7 ತಗೊಂಡವನು 59.5, ಬಾಗಿಲಾಚೆ. 6.75 ತಗೊಂಡವನು ಸರಿಯಾಗಿ 60, ಒಳಗೆ. ಈ 0.05ರ ವ್ಯತ್ಯಾಸದಲ್ಲಿ ಯಾವ ಬುದ್ಧಿವಂತಿಕೆ ಅಡಗಿದೆ ಅಂತ ಯಾರಾದ್ರೂ ಅನಲಿಟಿಕ್ಸ್ ಮಾಡಿ ತೋರಿಸಿ.

ನನ್ನ ರೂಮ್‌ಮೇಟ್ ಕಥೆ ಕೇಳಿ. ಹೊಸದುರ್ಗದ ಕಡೆಯವನು, ಕನ್ನಡ ಮೀಡಿಯಂ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 367. 375 ಬಂದಿದ್ರೆ 60 ಪರ್ಸೆಂಟ್ ಆಗ್ತಿತ್ತು, ಎಂಟು ಮಾರ್ಕು ಕಮ್ಮಿ. ಹೊಡೆತ ಬಿದ್ದಿದ್ದು ಇಂಗ್ಲಿಷಿಗೆ, ಗಣಿತದಲ್ಲಿ 80ರ ಮೇಲಿತ್ತು. ಬಿಇನಲ್ಲಿ ಅವನ ಸಿಜಿಪಿಎ 8.1. ಸ್ಟಾಟಿಸ್ಟಿಕ್ಸ್ ಪರೀಕ್ಷೆ ಹಿಂದಿನ ರಾತ್ರಿ ಇಡೀ ವಿಂಗು ಅವನ ಮಂಚದ ಸುತ್ತ ಕೂರ್ತಿತ್ತು, ನಾನೂ ಸೇರಿ. ಬೇಯ್ಸ್ ಪ್ರಮೇಯವನ್ನ ಹೊಸದುರ್ಗದ ಕನ್ನಡದಲ್ಲಿ ಕೇಳಿದವರಿಗೆ ಅದು ಜನ್ಮಕ್ಕೆ ಮರೆಯಲ್ಲ. ಆ ಹುಡುಗನಿಗೆ ಅರ್ಜಿಯ ಫಾರ್ಮು ತುಂಬೋಕೂ ಬಿಡಲಿಲ್ಲ. 2016ರಲ್ಲಿ ಹದಿನೈದು ವರ್ಷದ ಹುಡುಗ ಬರೆದ ಇಂಗ್ಲಿಷ್ ಪೇಪರು, 2021ರಲ್ಲಿ ಇಪ್ಪತ್ತು ದಾಟಿದವನ ಕಾಲು ಹಿಡಿದು ಎಳೀತು. ಅವನ ಹತ್ರ ಪಾಠ ಹೇಳಿಸಿಕೊಂಡ ನಾವು ಮೂರು ಜನ ಒಳಗೆ ಹೋದ್ವಿ.

ಏಬ್ರಹಾಂ ವಾಲ್ಡ್ ಅಂತ ಒಬ್ಬ ಗಣಿತಜ್ಞ ಇದ್ದ. ಈ ಕಂಪನಿಗಳ ಟ್ರೈನಿಂಗ್ ಸ್ಲೈಡುಗಳಲ್ಲಿ ಅವನ ವಿಮಾನದ ಕಥೆ ಕಡ್ಡಾಯ. ಎರಡನೇ ಮಹಾಯುದ್ಧದ ಕಾಲ, ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರದ ತಂಡದಲ್ಲಿದ್ದ. ಯುದ್ಧಕ್ಕೆ ಹೋಗಿ ವಾಪಸ್ ಬಂದ ವಿಮಾನಗಳ ಮೇಲಿನ ಗುಂಡಿನ ತೂತು ನೋಡಿ, ಎಲ್ಲಿಗೆ ಪೆಟ್ಟು ಬಿದ್ರೆ ವಿಮಾನ ಉಳಿಯೋದು ಕಷ್ಟ ಅಂತ ಲೆಕ್ಕ ಹಾಕೋ ದಾರಿಯನ್ನ 1943ರಲ್ಲಿ ಬರೆದುಕೊಟ್ಟ. ಅದರ ಸಾರ ಇಷ್ಟು: ನಿಮ್ಮ ಕಣ್ಮುಂದೆ ಇರೋದು ವಾಪಸ್ ಬಂದ ವಿಮಾನ ಮಾತ್ರ, ಬಿದ್ದುಹೋದದ್ದು ಲೆಕ್ಕದಲ್ಲೇ ಇಲ್ಲ, ಅದನ್ನ ಮರೆತು ತೀರ್ಮಾನಕ್ಕೆ ಬರಬೇಡಿ. (ಆ ಮಹಾನುಭಾವ ಯಹೂದಿ ಅನ್ನೋ ಕಾರಣಕ್ಕೆ ವಿಯೆನ್ನಾದಲ್ಲಿ ಯೂನಿವರ್ಸಿಟಿ ಕೆಲಸ ಸಿಗದೆ ಒದ್ದಾಡಿದವನು. ಕೊನೆಗೆ ತೀರಿಕೊಂಡಿದ್ದು ನಮ್ಮ ಪಕ್ಕದ ನೀಲಗಿರಿ ಬೆಟ್ಟದಲ್ಲಿ, 1950ರ ಡಿಸೆಂಬರಿನಲ್ಲಿ. ಭಾರತಕ್ಕೆ ಉಪನ್ಯಾಸ ಕೊಡೋಕೆ ಬಂದಿದ್ದಾಗ, ವಿಮಾನ ಅಪಘಾತದಲ್ಲೇ.)

ಈ ಕಥೆಯನ್ನ ಸ್ಲೈಡಿನಲ್ಲಿ ತೋರಿಸಿ ಚಪ್ಪಾಳೆ ತಗೊಳ್ಳೋ ಕಂಪನಿ, "ನಮ್ಮ 60ರ ಕಟಾಫ್ ಚೆನ್ನಾಗಿ ಕೆಲಸ ಮಾಡ್ತಿದೆ, ನಮ್ಮ ಹುಡುಗರೆಲ್ಲಾ ಚೆನ್ನಾಗಿದ್ದಾರೆ" ಅನ್ನುತ್ತೆ. ಅಯ್ಯಾ, 58 ಬಂದವನನ್ನ ನೀನು ಯಾವತ್ತು ಒಳಗೆ ಬಿಟ್ಟು ನೋಡಿದೀಯ? ಬಿಡದೇ ಇದ್ರೆ ಕೆಲಸ ಮಾಡ್ತಿದೆ ಅಂತ ಹೇಗೆ ಗೊತ್ತಾಯ್ತು?

ಒಳಗೆ ಇರೋರ ಲೆಕ್ಕನಾದ್ರೂ ನೋಡಬಹುದಲ್ಲ. 60ರಿಂದ 95ರವರೆಗೆ ಮಾರ್ಕು ತಗೊಂಡ ಜನ ಒಳಗಿದ್ದಾರೆ. ಅವರ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಎಚ್ಚಾರ್ ಹತ್ರ ಇದೆ, ವರ್ಷಾ ವರ್ಷಾ ಕೊಟ್ಟ ರೇಟಿಂಗೂ ಇದೆ. ಎರಡು ಕಾಲಂ ಪಕ್ಕ ಪಕ್ಕ ಇಟ್ಟು ನೋಡೋದು ಒಂದು ಮಧ್ಯಾಹ್ನದ ಕೆಲಸ. 61ರವನಿಗೂ 90ರವನಿಗೂ ಕೆಲಸದಲ್ಲಿ ವ್ಯತ್ಯಾಸ ಕಾಣದಿದ್ರೆ, 59ಕ್ಕೆ ಬಂದ ತಕ್ಷಣ ಮನುಷ್ಯ ದಡ್ಡ ಆಗ್ತಾನೆ ಅಂತ ನಂಬೋದು ಹೇಗೆ? ವ್ಯತ್ಯಾಸ ಕಂಡ್ರೆ ನನ್ನ ಬಾಯಿ ಮುಚ್ಚಿಸೋಕೆ ಅಷ್ಟು ಸಾಕು. ಕೆಲಸಕ್ಕೆ ಸೇರಿದ ಮೇಲೆ ನಮ್ಮ ಮ್ಯಾನೇಜರ್ ಹತ್ರ ಇದನ್ನೇ ಕೇಳಿದೆ. ನಕ್ಕು, "ಅದೆಲ್ಲ ಪಾಲಿಸಿ ಕಣಪ್ಪ, ನೀನು ನಿನ್ನ ಡ್ಯಾಶ್‌ಬೋರ್ಡ್ ನೋಡ್ಕೋ" ಅಂದ್ರು.

ಬಾಗಿಲು ದಾಟಿದ ಮೇಲಿನ ಪರೀಕ್ಷೆಗಳಾದ್ರೂ ಕೆಲಸಕ್ಕೆ ಸಂಬಂಧಪಟ್ಟದ್ದಾ ಅಂದ್ರೆ ಅದೂ ಇಲ್ಲ. ಪ್ರವಾಹಕ್ಕೆ ಎದುರಾಗಿ ಹೋಗೋ ದೋಣಿ, ಸುರಂಗ ದಾಟೋ ರೈಲು, ಗಡಿಯಾರದ ಮುಳ್ಳಿನ ಕೋನ, "ನನ್ನ ತಂದೆಯ ಮಾವನ ಮಗಳು ನನಗೇನಾಗಬೇಕು". ಆಮೇಲೆ ಯಂತ್ರ ಹೇಳಿದ ಇಂಗ್ಲಿಷ್ ವಾಕ್ಯವನ್ನ ತಿರುಗಿ ಹೇಳೋದು, ಉಚ್ಚಾರಣೆಗೆ ಯಂತ್ರವೇ ಮಾರ್ಕು ಹಾಕುತ್ತೆ. ವೆಬ್‌ಕ್ಯಾಮ್ ಕಾವಲು ಬೇರೆ. ನಮ್ಮ ಕ್ಲಾಸಿನ ಒಬ್ಬಳು ಊರಲ್ಲಿ ಕೂತು ಬರೀತಿದ್ಲು, ಅಜ್ಜಿ ಹಿಂದಿನಿಂದ ಕಾಫಿ ಲೋಟ ಇಟ್ಟು ಹೋದ್ರು ಅಷ್ಟೇ, "ಇನ್ನೊಬ್ಬ ವ್ಯಕ್ತಿ ಕಂಡುಬಂದಿದೆ" ಅಂತ ಎಚ್ಚರಿಕೆ ಬಂತು. ಕೈ ನಡುಗಿ ಉಳಿದ ಪೇಪರೆಲ್ಲಾ ಹಾಳು.

ನ್ಯಾಯವಾಗಿ ಹೇಳಬೇಕಂದ್ರೆ ಒಂದು ಸುತ್ತು ಚೆನ್ನಾಗಿತ್ತು. "ಬೆಂಗಳೂರಲ್ಲಿ ಒಂದು ದಿನಕ್ಕೆ ಎಷ್ಟು ಇಡ್ಲಿ ಖರ್ಚಾಗುತ್ತೆ, ಅಂದಾಜು ಮಾಡಿ." ತುಂಬಾ ಜನ ಈ ಥರದ ಪ್ರಶ್ನೆಗೆ ನಗ್ತಾರೆ, ನಾನು ನಗಲ್ಲ. ಜನಸಂಖ್ಯೆಯಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ಇಳಿಯೋದರಲ್ಲಿ ತಲೆ ಹೇಗೆ ಓಡುತ್ತೆ ಅಂತ ನಿಜಕ್ಕೂ ಗೊತ್ತಾಗುತ್ತೆ. ನಮ್ಮ ಹೊಸದುರ್ಗದವನು ಇದ್ದಿದ್ರೆ ತಟ್ಟೆ ಇಡ್ಲಿಗೂ ಬಟನ್ ಇಡ್ಲಿಗೂ ಬೇರೆ ಬೇರೆ ಲೆಕ್ಕ ಕೊಟ್ಟಿರ್ತಿದ್ದ :)

ದಿನಾ ಮಾಡೋ ಕೆಲಸ ಏನು ಗೊತ್ತಾ? ಗಲೀಜು ತೊಳೆಯೋದು. ಒಂದೇ ಊರನ್ನ ಐದು ಥರ ಬರೆದಿರೋ ಕಾಲಂ, ದಿನ ಯಾವುದು ತಿಂಗಳು ಯಾವುದು ಗೊತ್ತಾಗದ ತಾರೀಖು, ಎರಡೆರಡು ಸಲ ನುಸುಳಿದ ಗ್ರಾಹಕ. ಎಕ್ಸೆಲ್ ತನ್ನಷ್ಟಕ್ಕೆ ಜೀನ್‌ಗಳ ಹೆಸರನ್ನ ತಾರೀಖು ಮಾಡಿಬಿಡ್ತಿತ್ತು ಅಂತ, ಹೆಸರಿಡೋ ಸಮಿತಿಯವರು ಬೇಸತ್ತು "ಮಾರ್ಚ್1" ಥರದ ಜೀನ್‌ಗಳ ಹೆಸರನ್ನೇ ಬದಲಾಯಿಸಿದ್ದನ್ನ 2020ರಲ್ಲಿ ಪ್ರಕಟಿಸಿದ್ರು. ವಿಜ್ಞಾನಿಗಳ ಗತಿಯೇ ಹಾಗೆ, ಇನ್ನು ಸೋಪಿನ ಲೆಕ್ಕದ ಗತಿ ಕೇಳ್ತೀರಾ? ಇಂಥ ಗಲೀಜನ್ನ ಕಂಡುಹಿಡಿಯೋ ಕಣ್ಣು ಇದೆಯಾ ಅಂತ ಇಡೀ ಪ್ರಕ್ರಿಯೆಯಲ್ಲಿ ಯಾರೂ ನೋಡಲಿಲ್ಲ.

ಕಾಲೇಜುಗಳೂ ಕಮ್ಮಿ ಇಲ್ಲ. ಗೇಟಿನ ಫ್ಲೆಕ್ಸಲ್ಲಿ ಗರಿಷ್ಠ ಪ್ಯಾಕೇಜು, ಪಕ್ಕದಲ್ಲಿ "98% ಪ್ಲೇಸ್‌ಮೆಂಟ್". ಆ 98 ಯಾವುದರ 98? ನಮ್ಮ ಕಾಲೇಜಲ್ಲಿ ಅದು "ಅರ್ಹ" ವಿದ್ಯಾರ್ಥಿಗಳ ಲೆಕ್ಕ. ಕೆಲಸ ಸಿಗದ ಹೊಸದುರ್ಗದವನು ಭಾಗಲಬ್ಧದ ಕೆಳಗೂ ಇಲ್ಲ, ಮೇಲೂ ಇಲ್ಲ. ಅವನು ಹುಟ್ಟೇ ಇಲ್ಲ. ಮನೇಲಿ ತಮ್ಮ-ತಂಗಿಯರನ್ನ ಸೇರಿಸೋರು ಫ್ಲೆಕ್ಸ್ ಬಿಟ್ಟು, ಎನ್‌ಐಆರ್‌ಎಫ್‌ಗೆ ಆ ಕಾಲೇಜು ಕೊಟ್ಟಿರೋ ಮಾಹಿತಿಯಲ್ಲಿ ಮೀಡಿಯನ್ ಸಂಬಳ ಎಷ್ಟಿದೆ ನೋಡಿ.

ನನಗೆ ಆಫರ್ ಬಂದಿದ್ದು 2021ರ ಅಕ್ಟೋಬರಿನಲ್ಲಿ. ಒಬ್ಬರಿಗೆ ಒಂದೇ ಆಫರ್ ಅಂತ ಕಾಲೇಜಿನ ನಿಯಮ, ಹಾಗಾಗಿ ಮುಂದಿನ ಕಂಪನಿಗಳಿಗೆಲ್ಲಾ ಬಾಗಿಲು ಬಂದ್. ಕಂಪನಿಯವರು ಕೆಲಸಕ್ಕೆ ಕರೆದಿದ್ದು 2023ರ ಮಾರ್ಚ್‌ನಲ್ಲಿ! ಆ ಹದಿನೇಳು ತಿಂಗಳಲ್ಲಿ ಅಪ್ಪ "ಯಾವಾಗಪ್ಪಾ ಸೇರೋದು?" ಅಂತ ಕೇಳೋದನ್ನೇ ನಿಲ್ಲಿಸಿದ್ರು, ಅದು ಕೇಳೋದಕ್ಕಿಂತ ಕಷ್ಟ. ನನ್ನನ್ನ ಕಟ್ಟಿಹಾಕೋ ನಿಯಮ ಇತ್ತು, ಅವರನ್ನ ಕಟ್ಟಿಹಾಕೋದು ಒಂದೂ ಇರಲಿಲ್ಲ. ಪ್ಯಾಕೇಜಿನಲ್ಲಿ ಗ್ರಾಚ್ಯುಟಿ ಅಂತ ಮೂಲವೇತನದ 4.81 ಪರ್ಸೆಂಟ್ ಸೇರಿಸಿದ್ರು. ಖಾಯಂ ನೌಕರನಿಗೆ ಅದು ಕೈಗೆ ಬರೋದು ಐದು ವರ್ಷ ಕೆಲಸ ಮಾಡಿದ ಮೇಲೆ. ಸೇರಿಸಿಕೊಳ್ಳೋಕೇ ಒಂದೂವರೆ ವರ್ಷ ಮಾಡಿದವರು ಇವರು.

"ಸಾವಿರಾರು ಅರ್ಜಿ ಬರುತ್ತೆ, ಏನಾದ್ರೂ ಒಂದು ಜರಡಿ ಬೇಕಲ್ಲ" ಅಂತಾರೆ. ಬೇಕು, ಒಪ್ಪಿದೆ. ಇನ್ನೂರು ಸಾಲಿನ ಗಲೀಜು ಶೀಟು ಕೊಡಿ, ಎರಡು ಗಂಟೆ ಕೊಡಿ, ಎಷ್ಟು ತಪ್ಪು ಹಿಡಿದ ಅಂತ ಕಂಪ್ಯೂಟರೇ ಎಣಿಸಲಿ. ಉಚ್ಚಾರಣೆಗೆ ಮಾರ್ಕು ಹಾಕೋ ಯಂತ್ರಕ್ಕೆ ಇದೇನು ಮಹಾ? ಕೆಲಸದ ತುಣುಕನ್ನೇ ಮಾಡಿಸಿ ನೋಡೋದು, ಎಲ್ಲರಿಗೂ ಒಂದೇ ಪ್ರಶ್ನೆ ಇಟ್ಟು ಸಂದರ್ಶನ ಮಾಡೋದು ಒಳ್ಳೆ ದಾರಿಗಳು ಅಂತ ಮನಶ್ಶಾಸ್ತ್ರಜ್ಞರು 1998ರಲ್ಲೇ ನೂರಾರು ಅಧ್ಯಯನ ಒಟ್ಟುಗೂಡಿಸಿ ಬರೆದಿದ್ದಾರೆ. ಅದೂ ಆಗಲ್ಲ ಅಂದ್ರೆ ಚೀಟಿ ಎತ್ತಿ. ಚೀಟಿಗೆ ಯಾರ ಮೀಡಿಯಂ ಯಾವುದು ಅಂತ ಗೊತ್ತಿರಲ್ಲ.

ಹೊಸದುರ್ಗದವನು ಈಗ ನೆಲಮಂಗಲದ ಹತ್ರ ಒಂದು ಗೋಡೌನಿನಲ್ಲಿ ಸರಕಿನ ಲೆಕ್ಕ ನೋಡ್ತಾನೆ. ಅಲ್ಲಿನ ಇಡೀ ರಿಪೋರ್ಟು ಅವನದ್ದೇ, ಸಂಬಳ ನನ್ನ ಅರ್ಧ. ಹೋದ ತಿಂಗಳು ಒಂದು ಎಸ್‌ಕ್ಯೂಎಲ್ ಕ್ವೆರಿ ನನಗೆ ಓಡದೇ ಅವನಿಗೆ ಫೋನ್ ಮಾಡಿದ್ದೆ. ಹತ್ತು ನಿಮಿಷಕ್ಕೆ ಸರಿ ಮಾಡಿಕೊಟ್ಟ.

ಬ್ಲಾಗಿಗರಲ್ಲಿ ಎಚ್ಚಾರ್‌ನವರು ಇದ್ದೀರಿ ಅಂತ ಗೊತ್ತು. ಆ ಎರಡು ಕಾಲಂ ನಿಮ್ಮಲ್ಲಿ ಯಾರಾದ್ರೂ ಪಕ್ಕ ಪಕ್ಕ ಇಟ್ಟು ನೋಡಿದ್ದರೆ ಕಾಮೆಂಟಿನಲ್ಲಿ ಹೇಳಿ. ಹೆಸರು ಹಾಕದಿದ್ರೂ ಪರವಾಗಿಲ್ಲ, ಅನಾಮಿಕ ಆಯ್ಕೆ ಆನ್ ಮಾಡಿಟ್ಟಿದ್ದೀನಿ.