ಡಬ್ಬಿಯೊಳಗೆ ಸೊಪ್ಪು ಬೆಳೆಯಲ್ಲ ಸ್ವಾಮಿ!

ಹೋದ ತಿಂಗಳು ಅಪ್ಪನಿಗೆ ಅಂತ ಒಂದು ಡಬ್ಬಿ ಮಾತ್ರೆ ಕೊಂಡೆ. ಅವರಿಗೆ ಕಾಲಿನ ಮೇಲೆ ಪದೇ ಪದೇ ಕುರು ಏಳುತ್ತಿತ್ತು. ಅಂಗಡಿಯವರು "ಸಾರ್, ಇದು ಸ್ಕಿನ್ ಇಮ್ಯುನಿಟಿಗೆ. ಪೂರ್ತಿ ಗಿಡಮೂಲದ್ದು, ಸೈಡ್ ಎಫೆಕ್ಟೇ ಇಲ್ಲ" ಅಂದರು. ಡಬ್ಬಿ ಮುಂದೆ ಕ್ಯಾರೆಟ್ ಚಿತ್ರ, ಹಿಂದೆ ಸಣ್ಣ ಅಕ್ಷರದಲ್ಲಿ 'ಬೀಟಾ ಕ್ಯಾರೋಟಿನ್'. ಸಾವಿರದ ಇನ್ನೂರು ರೂಪಾಯಿ ಕೊಟ್ಟು ಊರಿಗೆ ಕಳಿಸಿಯೂ ಆಯಿತು.

ಒಂದು ವಿಷಯ ಯೋಚಿಸಿರಲಿಲ್ಲ. ನಮ್ಮಪ್ಪ ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಾರೆ.

ಮೊದಲೇ ಹೇಳಿಬಿಡ್ತೀನಿ, ಊಟಕ್ಕೂ ಚರ್ಮದ ರಕ್ಷಣೆಗೂ ಸಂಬಂಧ ಇರೋದು ಸುಳ್ಳಲ್ಲ. ಚರ್ಮ ಬರೀ ಹೊದಿಕೆ ಅಲ್ಲ. ಹುಟ್ಟಿನಿಂದಲೇ ಬಂದ ಕಾವಲು ಪಡೆ ಅಲ್ಲಿದೆ. ಅಲ್ಲಿನ ಜೀವಕೋಶಗಳು ತಾವೇ ಬ್ಯಾಕ್ಟೀರಿಯಾ ಕೊಲ್ಲುವ ಪ್ರೋಟೀನ್ ತಯಾರಿಸುತ್ತವೆ. ಅಮೆರಿಕದ ಡಲ್ಲಾಸ್‌ನಲ್ಲಿ ಲೋರಾ ಹೂಪರ್ ಅವರ ತಂಡ 2019ರಲ್ಲಿ ಅಂಥ ಒಂದು ಪ್ರೋಟೀನನ್ನು ಇಲಿಗಳ ಚರ್ಮದಲ್ಲಿ ತೋರಿಸಿತು. ಆಹಾರದಲ್ಲಿ ವಿಟಮಿನ್ ಎ ಇಲ್ಲದಿದ್ದರೆ ಆ ಪ್ರೋಟೀನ್ ಕಡಿಮೆಯಾಗುತ್ತದೆ, ಚರ್ಮಕ್ಕೆ ಸೋಂಕು ಸುಲಭವಾಗಿ ತಗಲುತ್ತದೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ವಿಟಮಿನ್ ಎ ಇಲ್ಲಿ ಡಿಪೆಂಡೆನ್ಸಿ. ಅದಿಲ್ಲದೆ ಈ ಪ್ರೋಗ್ರಾಮ್ ಸರಿಯಾಗಿ ಓಡಲ್ಲ.

ಸೊಪ್ಪು, ಕ್ಯಾರೆಟ್, ಕುಂಬಳ, ಪಪ್ಪಾಯದಲ್ಲಿರುವ ಬೀಟಾ ಕ್ಯಾರೋಟಿನನ್ನೇ ನಮ್ಮ ದೇಹ ವಿಟಮಿನ್ ಎ ಮಾಡಿಕೊಳ್ಳುತ್ತದೆ. ಇಲ್ಲಿಯವರೆಗೂ ಡಬ್ಬಿಯವರು ಹೇಳಿದ್ದು ನಿಜ. ಆದರೆ "ಕೊರತೆಯಾದರೆ ಕಾವಲು ಸೋಲುತ್ತದೆ" ಅನ್ನೋದನ್ನ ಅವರು "ಜಾಸ್ತಿ ನುಂಗಿದರೆ ಕಾವಲು ಗಟ್ಟಿಯಾಗುತ್ತದೆ" ಅಂತ ತಿರುಗಿಸಿ ಮಾರುತ್ತಾರೆ. ಬೈಕಿಗೆ ಪೆಟ್ರೋಲ್ ಬೇಕು ನಿಜ, ಹಾಗಂತ ಎರಡು ಟ್ಯಾಂಕ್ ಹಾಕಿದರೆ ಎರಡರಷ್ಟು ವೇಗ ಹೋಗುತ್ತಾ?

ಇನ್ನು "ಗಿಡಮೂಲದ್ದು, ಏನೂ ಆಗಲ್ಲ" ಅನ್ನೋ ಮಾತು. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ಒಂದು ದೊಡ್ಡ ಪ್ರಯೋಗ ನಡೆಯಿತು. ಕ್ಯಾನ್ಸರ್ ತಡೆಯಬಹುದು ಅನ್ನೋ ಆಸೆಯಿಂದ ಕೆಲವರಿಗೆ ದಿನಾ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಕೊಟ್ಟರು. 1994ರಲ್ಲಿ ಫಲಿತಾಂಶ ಬಂತು: ಅದನ್ನು ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು! ಅಮೆರಿಕದಲ್ಲಿ ಇಂಥದ್ದೇ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅದು ಸಿಗರೇಟಿನ ಲೆಕ್ಕ, ಬೀಡಿ ಬೇರೆ ಅಂತ ವಾದ ಮಾಡುವ ಧೈರ್ಯ ನನಗಂತೂ ಇಲ್ಲ. ಇದೆಲ್ಲ ಗುಟ್ಟೇನಲ್ಲ. ಹಾಗಿದ್ದೂ ನಾನು ತಂದ ಡಬ್ಬಿಯ ಮೇಲೆ "ಧೂಮಪಾನಿಗಳು ತಗೋಬೇಡಿ" ಅಂತ ಒಂದು ಸಾಲೂ ಇರಲಿಲ್ಲ. ಕ್ಯಾರೆಟ್ ಚಿತ್ರಕ್ಕೆ ಜಾಗ ಇತ್ತು, ಈ ಸಾಲಿಗೆ ಇರಲಿಲ್ಲ!

ಸೊಪ್ಪಿನಿಂದ ಈ ಭಯ ಇಲ್ಲ. ತಿಂದ ಕ್ಯಾರೋಟಿನಲ್ಲಿ ದೇಹ ತನಗೆ ಬೇಕಾದಷ್ಟನ್ನು ಮಾತ್ರ ವಿಟಮಿನ್ ಎ ಮಾಡಿಕೊಳ್ಳುತ್ತದೆ. ಅದು ಮೈಗೆ ಹತ್ತಲು ಸ್ವಲ್ಪ ಎಣ್ಣೆ ಬೇಕು, ನಮ್ಮ ಒಗ್ಗರಣೆಯೇ ಸಾಕು. ಹಾಗಂತ ಬಸ್ಸಾರು ತಿಂದರೆ ಕುರು ವಾಸಿಯಾಗುತ್ತೆ ಅಂತ ನಾನು ಹೇಳಿದರೆ, ನನಗೂ ಆ ಡಬ್ಬಿಯವರಿಗೂ ಏನು ವ್ಯತ್ಯಾಸ? ಪದೇ ಪದೇ ಕುರು ಆಗುತ್ತಿದ್ದರೆ ಮೊದಲು ಮಾಡಿಸಬೇಕಾದ್ದು ಸಕ್ಕರೆ ಕಾಯಿಲೆಯ ಪರೀಕ್ಷೆ. ಅದು ಬಿಟ್ಟು ನಾನು ಡಬ್ಬಿ ಕಳಿಸಿದ್ದೆ. ಓದಿದವನು ಬೇರೆ, ಬಿ.ಇ. ಡಿಗ್ರಿ!

ಅಮ್ಮನಿಗೆ ಫೋನ್ ಮಾಡಿ ಆ ಮಾತ್ರೆ ಬಿಸಾಕು, ಅಪ್ಪನಿಗೆ ಶುಗರ್ ಟೆಸ್ಟ್ ಮಾಡಿಸು ಅಂದೆ. "ಹಿತ್ತಲಲ್ಲಿ ನುಗ್ಗೆ ಮರ ಇರೋವಾಗ ಇದನ್ಯಾಕೆ ಕಳಿಸಿದ್ಯೋ ಅಂತ ಅವತ್ತೇ ಅಂದ್ಕೊಂಡೆ ಕಣೋ" ಅಂದಳು. ಟೆಸ್ಟ್ ಮಾಡಿಸಿದ್ದಾಯಿತು. ಶುಗರ್ ಇತ್ತು.

ಈಗ ಔಷಧಿ ಶುರುವಾಗಿದೆ. ಬೀಡಿ ಬಿಡಿಸೋದು ಇನ್ನೂ ಬಾಕಿ ಇದೆ....