ನಮ್ಮ ತರುವಾಯ

ಶಹಾಪುರದ ವಾಚಕರೊಬ್ಬರು ಬರೆದ ಪತ್ರಕ್ಕೆ ಈ ತಿಂಗಳ ಪುಟವನ್ನೆಲ್ಲ ಮೀಸಲಿಡಬೇಕಾಗಿದೆ. ಅವರು ನೇಕಾರರು, ವಯಸ್ಸು ಎಪ್ಪತ್ತನ್ನು ದಾಟಿದೆ. ನಾಲ್ವತ್ತು ವರುಷದ ಮಗನಿಗೆ ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ಕುಂಠಿತವಾಗಿದೆ. ಆತನು ಸ್ನಾನಭೋಜನಾದಿಗಳನ್ನು ತಾನೇ ಮಾಡಿಕೊಳ್ಳುವನು. ಮಗ್ಗಕ್ಕೆ ಕಂಡಿಕೆ ಸುತ್ತಿ ಕೊಡುವನು. ಓಣಿಯ ಅಂಗಡಿಯಿಂದ ಹೇಳಿದ ಸಾಮಾನು ತರುವನು. ಹಣದ ಲೆಕ್ಕ ಮಾತ್ರ ತಿಳಿಯದು. ಒಲೆಯ ಹತ್ತಿರ ಒಬ್ಬನನ್ನೇ ಬಿಡುವಂತಿಲ್ಲ. ಆತನ ತಂಗಿ ಖಾನಾಪುರದಲ್ಲಿ ಸಂಸಾರಸ್ಥಳಾಗಿದ್ದಾಳೆ. ತಾವಿಬ್ಬರೂ ಕಣ್ಣು ಮುಚ್ಚಿದ ಮೇಲೆ ಮಗನನ್ನು ಇಡುವದಕ್ಕೆ ಒಳ್ಳೆಯ ಆಶ್ರಮವೊಂದನ್ನು ಸೂಚಿಸಬೇಕೆಂದು ತಂದೆಯ ಬಿನ್ನಹ.

ಆಶ್ರಮವನ್ನು ಸೂಚಿಸುವ ಮೊದಲು ಒಂದು ಮಾತನ್ನು ವಿಚಾರಿಸೋಣ. ಈ ಮಗನಿಗೆ ಬಾರದ ಕೆಲಸಗಳು ಎರಡೇ, ಅಡಿಗೆ ಮತ್ತು ಲೆಕ್ಕ. ಇವೆರಡರ ಸಲುವಾಗಿ ಆತನು ತನ್ನ ಮನೆ, ಓಣಿ, ಕಂಡಿಕೆ, ಗುರುತಿನ ಅಂಗಡಿಕಾರ ಇವೆಲ್ಲವನ್ನೂ ಬಿಟ್ಟು, ಅಪರಿಚಿತ ಊರಿನಲ್ಲಿ ಮೂವತ್ತು ಮಂಚಗಳ ಸಾಲಿನಲ್ಲಿ ಮೂವತ್ತೊಂದನೆಯ ಮಂಚ ಹಾಕಿಸಿಕೊಳ್ಳಬೇಕೆ? ಅಡಿಗೆಯ ನೆರವನ್ನೂ ಲೆಕ್ಕದ ನೆರವನ್ನೂ ಆತನಿದ್ದಲ್ಲಿಗೇ ತರುವ ಉಪಾಯವಿದ್ದರೆ ಅದನ್ನು ಮೊದಲು ಪರೀಕ್ಷಿಸುವದು ಯುಕ್ತವಲ್ಲವೆ? ನನ್ನ ಮಟ್ಟಿಗೆ ಅಂಥ ಉಪಾಯವಿದೆ. ಅದನ್ನು ತಂದೆತಾಯಿಗಳು ಬದುಕಿರುವಾಗಲೇ ಹೂಡಬೇಕು. ತರುವಾಯ ಹೂಡುವವರು ಯಾರೂ ಇರುವದಿಲ್ಲ.

ನಮ್ಮ ಪೂರ್ವಿಕರು ಈ ವಿಷಯವನ್ನು ಅಲಕ್ಷಿಸಿರಲಿಲ್ಲ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕನ್ನಡನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಇದ್ದವನು. ಅಲ್ಲಿಯ ದಾಯವಿಭಾಗದ ಪ್ರಕರಣದಲ್ಲಿ, ಕುರುಡರು, ಕುಂಟರು, ಉನ್ಮತ್ತರು, ಜಡರು, ವಾಸಿಯಾಗದ ರೋಗವುಳ್ಳವರು ಮೊದಲಾದವರಿಗೆ ಪಾಲಿಲ್ಲವೆಂದೂ, ಆದರೆ ಅವರನ್ನು ಬದುಕಿರುವ ತನಕ ಅನ್ನವಸ್ತ್ರಗಳಿಂದ ಪೋಷಿಸಲೇಬೇಕೆಂದೂ ವಿಧಿಯಿದೆ. ಔಷಧಾದಿಗಳಿಂದ ದೋಷವು ನೀಗಿದರೆ ಪಾಲು ಸಲ್ಲಬೇಕೆಂದು ವ್ಯಾಖ್ಯಾನಕಾರನು ಹೇಳುತ್ತಾನೆ. ಇದು ಆತನ ಉದಾರಬುದ್ಧಿ. ಹೀಗೆ ಪೋಷಿಸತಕ್ಕವರಿಗೆ ಶಾಸ್ತ್ರದಲ್ಲಿ ‘ಭರ್ತವ್ಯ’ರೆಂದು ಹೆಸರು. ಪಾಠ ಹೇಳಿ ಬಂದವನಿಗೆ ಧಾತುವನ್ನು ಬಿಡಿಸದಿದ್ದರೆ ಸಮಾಧಾನವಿಲ್ಲ: ‘ಭೃ’ ಎಂಬ ಒಂದೇ ಧಾತುವಿನಿಂದ ಭರಣವೂ ಬಂದಿದೆ, ಭಾರವೂ ಬಂದಿದೆ. ಭರಣ ಹೊಂದುವವನು ಭಾರವಾಗಿ ತೋರುವದಕ್ಕೆ ಹೆಚ್ಚು ದಿನ ಹಿಡಿಯದು. ಅಣ್ಣನ ಮನೆಯ ಪಡಸಾಲೆಯಲ್ಲಿ ಎರಡು ಹೊತ್ತು ಉಂಡು ಮಲಗುವವನಿಗೆ ಹಸಿವೆಯಿಲ್ಲ ನಿಜ. ಆದರೆ ಆ ಮನೆಯ ಬಾಗಿಲು ಅವನದಲ್ಲ.

ಪಾಲಿನ ಈ ಪ್ರತಿಬಂಧವನ್ನು 1928ರ ಕಾಯಿದೆಯೊಂದು ಬಹುಮಟ್ಟಿಗೆ ತೆಗೆದುಹಾಕಿತು. ಹುಟ್ಟಿನಿಂದ ಬುದ್ಧಿವಿಕಲರಾದವರನ್ನು ಮಾತ್ರ ಅದೂ ಹೊರಗೇ ನಿಲ್ಲಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಮು, ರೋಗ ಅಥವಾ ಅಂಗದೋಷದ ಕಾರಣದಿಂದ ಯಾರ ವಾರಸಾಹಕ್ಕೂ ಹೋಗದೆಂದು ಸಾರಿತು. ಆದುದರಿಂದ ನಮ್ಮ ಪತ್ರಲೇಖಕರ ಮಗನು ಇಂದು ತನ್ನ ತಂಗಿಯಷ್ಟೇ ಹಕ್ಕುದಾರನು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಥವರಿಗೆ ಸಮಾಜದ ನಡುವೆ ವಾಸಿಸುವ ಹಕ್ಕಿದೆಯೆಂದೂ, ಇಂಥದೇ ಸ್ಥಳದಲ್ಲಿರೆಂದು ಅವರನ್ನು ಬಲಾತ್ಕರಿಸುವಂತಿಲ್ಲವೆಂದೂ ಹೇಳಿದೆ.

ಹಕ್ಕು ಕಾಗದದಲ್ಲಿದ್ದರೆ ಆಯಿತೆ? ಸಂಜೆಗೆ ಅನ್ನ ಬೇಡವೆ? ಇಲ್ಲಿಯೇ ಪರದೇಶದ ಒಂದು ಊರಿನ ಕಥೆ ಹೇಳಬೇಕಾಗುತ್ತದೆ. ಬೆಲ್ಜಿಯಂ ದೇಶದಲ್ಲಿ ಗೀಲ್ ಎಂಬ ಊರಿದೆ. ಚಿತ್ತವಿಕಾರವುಳ್ಳವರ ರಕ್ಷಕಳೆಂದು ನಂಬಿದ ಸಂತೆ ಡಿಂಫ್ನಾಳ ದೇವಾಲಯವು ಅಲ್ಲಿರುವದರಿಂದ, ಮಧ್ಯಯುಗದಲ್ಲಿಯೇ ರೋಗಿಗಳನ್ನು ಕರೆದುಕೊಂಡು ಯಾತ್ರಿಕರು ಬರತೊಡಗಿದರು. ದೇವಾಲಯದಲ್ಲಿ ಸ್ಥಳ ಸಾಲದೆ ಹೋಗಲು ಸುತ್ತಲಿನ ಒಕ್ಕಲಿಗರು ಅವರಿಗೆ ತಮ್ಮ ಮನೆಗಳಲ್ಲಿ ಎಡೆಗೊಟ್ಟರು. ಅದೇ ರೂಢಿಯಾಗಿ ಶತಮಾನಗಳ ತನಕ ನಡೆಯಿತು. 19ನೆಯ ಶತಮಾನದಲ್ಲಿ ಸರಕಾರವು ವೈದ್ಯರ ಮೇಲ್ವಿಚಾರಣೆಯನ್ನು ಜೋಡಿಸಿತು. ಮನೆಯವರಿಗೆ ಅಲ್ಪಸ್ವಲ್ಪ ಹಣವೂ ಸಲ್ಲುತ್ತಿತ್ತು. 1930ರ ದಶಕದ ಕೊನೆಗೆ ಮೂರು ಸಾವಿರಕ್ಕೂ ಮಿಕ್ಕ ಅತಿಥಿಗಳು ಹೀಗೆ ಅನ್ಯರ ಮನೆಗಳಲ್ಲಿ ಇದ್ದರು. ಬೆಳಿಗ್ಗೆ ಹಟ್ಟಿಯ ಕೆಲಸ, ಮಧ್ಯಾಹ್ನ ಎಲ್ಲರೊಡನೆ ಊಟ, ಸಂಜೆ ಮನೆಯ ಮಕ್ಕಳೊಡನೆ ಆಟ. ಒಕ್ಕಲುತನದ ಕುಟುಂಬಗಳು ಕಡಮೆಯಾದಂತೆ ಈಗ ಅವರ ಸಂಖ್ಯೆಯೂ ಬಹಳ ಇಳಿದಿದೆ; ಪದ್ಧತಿ ಮಾತ್ರ ಅಳಿದಿಲ್ಲ. ಆ ಊರಿನವರು ನಮಗಿಂತ ಪುಣ್ಯವಂತರೆಂದು ನಾನು ಹೇಳಲಾರೆ. ಅಲ್ಲಿ ಬೀದಿಯಲ್ಲಿ ಒಬ್ಬನು ತನ್ನಷ್ಟಕ್ಕೆ ಮಾತಾಡುತ್ತ ಹೋದರೆ ಯಾರೂ ತಿರುಗಿ ನೋಡುವದಿಲ್ಲ. ಅಭ್ಯಾಸಬಲವು ಅಷ್ಟು ದೊಡ್ಡದು.

ನಮ್ಮ ದೇಶದಲ್ಲಿಯೂ ಪ್ರಯತ್ನಗಳು ನಡೆದಿವೆ. 1970ರಲ್ಲಿ ಬೆಂಗಳೂರಿನಲ್ಲಿ ಆಶಾನಿಕೇತನವೆಂಬ ಮನೆ ಆರಂಭವಾಯಿತು. ಬುದ್ಧಿಯ ಕುಂದುಳ್ಳವರೂ ಇಲ್ಲದವರೂ ಒಂದೇ ಸೂರಿನ ಕೆಳಗೆ ಒಟ್ಟಿಗೆ ಬಾಳುವದು ಅದರ ಕ್ರಮ. 1964ರಲ್ಲಿ ಫ್ರಾನ್ಸಿನಲ್ಲಿ ಝ್ಯಾನ್ ವಾನಿಯೇ ಎಂಬವರು ಸ್ಥಾಪಿಸಿದ ‘ಲಾರ್ಶ್’ ಸಂಸ್ಥೆಯ ಶಾಖೆ ಅದು. ಆ ಸ್ಥಾಪಕರು ತೀರಿಕೊಂಡ ಮೇಲೆ, ಅವರು ಆಧ್ಯಾತ್ಮದ ಹೆಸರಿನಲ್ಲಿ ಹಲವು ಸ್ತ್ರೀಯರನ್ನು ದುರುಪಯೋಗಪಡಿಸಿಕೊಂಡಿದ್ದರೆಂಬ ಸಂಗತಿಯನ್ನು ಸಂಸ್ಥೆಯೇ ವಿಚಾರಣೆ ಮಾಡಿಸಿ 2020ರಲ್ಲಿ ಪ್ರಕಟಿಸಿತು. ಆ ಮನೆಗಳ ಉಪಯುಕ್ತತೆ ಇದರಿಂದ ಸುಳ್ಳಾಗುವದಿಲ್ಲ. ಆದರೆ ಎಷ್ಟೇ ಪೂಜ್ಯರ ಕೈಯಲ್ಲಿದ್ದರೂ, ಹೊರಗಿನ ಕಣ್ಣು ಬೀಳದ ಮನೆಯನ್ನು ನಂಬಬಾರದೆಂದು ನಾನು ಇದರಿಂದ ತಿಳಿದುಕೊಂಡಿದ್ದೇನೆ. ಆಶ್ರಮವನ್ನು ಹುಡುಕುವವರು ಅಲ್ಲಿಯ ಗೋಡೆಯ ಬಣ್ಣವನ್ನು ನೋಡುವದಕ್ಕಿಂತ, ಮುನ್ಸೂಚನೆಯಿಲ್ಲದೆ ಹೋದಾಗ ಒಳಗೆ ಬಿಡುವರೋ ಇಲ್ಲವೋ ಎಂಬುದನ್ನು ನೋಡಲಿ.

ಎರಡನೆಯ ಉದಾಹರಣೆ ಇನ್ನೂ ಸಮೀಪದ್ದು. 1993ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ‘ಬ್ಯಾನಿಯನ್’ ಎಂಬ ಸಂಸ್ಥೆಯು, ವರ್ಷಗಟ್ಟಲೆ ಚಿಕಿತ್ಸಾಲಯದಲ್ಲಿ ಉಳಿದುಹೋದ ಸ್ತ್ರೀಯರಿಗಾಗಿ 2015ರಿಂದ ಸಾಮಾನ್ಯ ಓಣಿಗಳಲ್ಲಿ ಸಾಮಾನ್ಯ ಮನೆಗಳನ್ನು ಬಾಡಿಗೆಗೆ ಹಿಡಿಯುತ್ತ ಬಂದಿದೆ. ನಾಲ್ಕೈದು ಮಂದಿ ಒಂದು ಮನೆಯಲ್ಲಿ. ಜೊತೆಗೆ ನೆರವಿಗೆ ಒಬ್ಬಳು. ಏನು ಅಡಿಗೆ ಮಾಡಬೇಕು, ಯಾವ ಸೀರೆ ಉಡಬೇಕು, ಯಾರನ್ನು ಚಹಕ್ಕೆ ಕರೆಯಬೇಕು ಎಂಬುದನ್ನು ಮನೆಯವರೇ ನಿರ್ಣಯಿಸುವರು. ರೋಗ ವಾಸಿಯಾದ ಮೇಲೂ ಕರೆದೊಯ್ಯುವವರಿಲ್ಲದೆ ಯಾರನ್ನೂ ಚಿಕಿತ್ಸಾಲಯದಲ್ಲಿ ಇಟ್ಟುಕೊಳ್ಳಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯ 19ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ಪ್ರಾಂತದ ಧಾರವಾಡದ ಮಾನಸಿಕ ಚಿಕಿತ್ಸಾಲಯವು 1845ರಷ್ಟು ಹಳೆಯದು. ಆ ಕಾಲದ ಎತ್ತರದ ಗೋಡೆಯ ಕಲ್ಪನೆಯಿಂದ ಈ ಕಲಮಿಗೆ ಬರಲು ನಮಗೆ ಪೂರಾ 172 ವರುಷ ಬೇಕಾದವು.

ಈಗ ಶಹಾಪುರಕ್ಕೆ ಬರೋಣ. 1948ರ ತನಕ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಈ ಪೇಟೆಯ ಹಳೆಯ ನೇಕಾರ ಮನೆಗಳನ್ನು ನೋಡಿದವರಿಗೆ ತಿಳಿದಿದೆ: ಮುಂಭಾಗ ಇಕ್ಕಟ್ಟು, ಒಳಗೆ ಉದ್ದ, ಪಕ್ಕದ ಮನೆಯೊಂದಿಗೆ ಕೂಡಿದ ಗೋಡೆ. ಒಬ್ಬರ ಮಗ್ಗದ ಸದ್ದು ಇನ್ನೊಬ್ಬರಿಗೆ ಕೇಳುತ್ತದೆ. ಅದು ನಿಂತರೆ ಏನಾಯಿತೆಂದು ವಿಚಾರಿಸುವವರಿದ್ದಾರೆ. ಇಂಥ ಮನೆಯನ್ನು ಮಾರಿ, ಬಂದ ಹಣವನ್ನು ಯಾವುದೋ ಸಂಸ್ಥೆಯ ಠೇವಣಿಗೆ ಕಟ್ಟುವದು ನನಗೆ ಸಮ್ಮತವಲ್ಲ. ಅದರ ಬದಲು ಮನೆಯನ್ನು ಎರಡು ಪಾಲು ಮಾಡಿ, ಒಂದನ್ನು ಪರಿಚಯದ ಸಣ್ಣ ಕುಟುಂಬಕ್ಕೆ ಕಡಮೆ ಬಾಡಿಗೆಗೆ ಕೊಡಿರಿ. ಉಳಿದ ಬಾಡಿಗೆಗೆ ಬದಲಾಗಿ ಮಗನಿಗೆ ಎರಡು ಹೊತ್ತಿನ ಊಟ, ರಾತ್ರಿ ಒಮ್ಮೆ ಬಾಗಿಲು ನೋಡುವದು, ಜ್ವರ ಬಂದರೆ ವೈದ್ಯರ ಬಳಿಗೆ ಒಯ್ಯುವದು. ಇಷ್ಟನ್ನೂ ಕರಾರುಪತ್ರದಲ್ಲಿ ಬರೆಯಿಸಿರಿ, ಬಾಯಿಮಾತು ಬೇಡ. ಅನ್ನ ಹಾಕುವವರ ಕೈಯಲ್ಲಿ ಹಣ ಇರಕೂಡದು, ಹಣ ಇಟ್ಟುಕೊಂಡವರು ತಿಂಗಳಿಗೊಮ್ಮೆಯಾದರೂ ಬಂದು ಮಗನೊಡನೆ ಕುಳಿತು ಉಣ್ಣಬೇಕು. ಈ ಒಂದು ವಿಷಯದಲ್ಲಿ ದಾಕ್ಷಿಣ್ಯ ಮಾಡಬೇಡಿರಿ.

ಹಣದ ಕೆಲಸಕ್ಕೆ ಖಾನಾಪುರದ ಮಗಳೇ ಯೋಗ್ಯಳು, ಅವಳಿಗೆ ಒಪ್ಪಿಗೆಯಿದ್ದರೆ. ಒಪ್ಪಿಗೆಯನ್ನು ಅಳಿಯನೆದುರಿಗೇ ಕೇಳಿರಿ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯು ಬುದ್ಧಿಮಾಂದ್ಯ, ಆಟಿಸಂ, ಮೆದುಳಿನ ಪಾರ್ಶ್ವವಾಯು, ಬಹುವಿಧ ಅಂಗವೈಕಲ್ಯ ಇವುಳ್ಳವರಿಗೆ ಅನ್ವಯಿಸುತ್ತದೆ. ಅದರ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ. ಬೆಳಗಾವಿಯ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ತಂದೆಯು ಅರ್ಜಿ ಕೊಟ್ಟು, ಹದಿನೆಂಟು ದಾಟಿದ ಮಗನಿಗೆ ಪೋಷಕರನ್ನು ನೇಮಿಸಬೇಕೆಂದು ಕೇಳಬಹುದು. ಪೋಷಕರಾದವರು ಆರು ತಿಂಗಳೊಳಗೆ ಆಸ್ತಿಯ ಯಾದಿಯನ್ನೂ, ಪ್ರತಿವರ್ಷ ಲೆಕ್ಕವನ್ನೂ ಒಪ್ಪಿಸಬೇಕು. ದುರ್ಲಕ್ಷ ಮಾಡಿದರೆ ಅವರನ್ನು ತೆಗೆಯಿಸುವ ದಾರಿಯೂ ಇದೆ. ಅದೇ ಟ್ರಸ್ಟಿನ ನಿರಾಮಯ ಯೋಜನೆಯಿಂದ ಒಂದು ಲಕ್ಷ ರೂಪಾಯಿಯ ತನಕ ಆರೋಗ್ಯವಿಮೆ ದೊರೆಯುವದು. ಒಬ್ಬನೇ ಇರುವದು ಆಗಲೇ ಆಗದೆಂಬವರಿಗೆ ಘರೌಂದಾ ಎಂಬ ಜೀವಾವಧಿಯ ಸಾಮೂಹಿಕ ಮನೆಗಳ ಯೋಜನೆಯಿದೆ. ಅದು ಎರಡನೆಯ ದಾರಿಯಾಗಿರಲಿ. ಚಿತ್ತರೋಗ ಮಾತ್ರವಿರುವವರಿಗೆ ಈ ಕಾಯಿದೆ ಹತ್ತುವದಿಲ್ಲವೆಂಬುದನ್ನು ಇತರ ವಾಚಕರು ಗಮನಿಸಬೇಕು.

ಪತ್ರದಲ್ಲಿ ಮಗನ ಅಭಿಪ್ರಾಯವೇನೆಂಬುದು ಎಲ್ಲಿಯೂ ಕಾಣಲಿಲ್ಲ. ಅಂಗಡಿಗೆ ಹೋಗಿ ಬೇಕಾದ್ದನ್ನು ಹೇಳಿ ತರಬಲ್ಲವನು, ಎಲ್ಲಿರಬೇಕೆಂಬುದನ್ನೂ ಹೇಳಬಲ್ಲನು, ಕೇಳಿ ನೋಡಿರಿ. ಆ ಮೇಲೆ ಬಾಡಿಗೆಯ ಕುಟುಂಬವನ್ನು ಈಗಲೇ ತಂದಿರಿಸಿ, ತಾಯಿಯು ವಾರಕ್ಕೊಂದು ಹೊತ್ತು ಅಡಿಗೆ ಬಿಡಲಿ. ಮೂರು ತಿಂಗಳಾದ ಮೇಲೆ ದಂಪತಿಗಳಿಬ್ಬರೂ ಎರಡು ದಿನದ ಮಟ್ಟಿಗೆ ಖಾನಾಪುರಕ್ಕೆ ಮಗಳ ಮನೆಗೆ ಹೋಗಿಬರಲಿ. ತಾಯಿಗೆ ಆ ರಾತ್ರಿ ನಿದ್ದೆ ಬಾರದು. ಆದರೂ ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಮರಳಬಾರದು. ಹಿಂದಿರುಗಿದ ಬಳಿಕ, ಯಾವ ಹೊತ್ತಿನ ಊಟ ತಡವಾಯಿತು, ಎಷ್ಟು ಕಂಡಿಕೆ ಸುತ್ತಿದ್ದನು, ಯಾವುದಕ್ಕೆ ಅಂಜಿದನು ಎಂಬುದನ್ನು ನನಗೆ ಬರೆದು ತಿಳಿಸಿದರೆ, ಮುಂದಿನ ಏರ್ಪಾಡನ್ನು ಇದೇ ಪುಟದಲ್ಲಿ ವಿಚಾರಿಸುವೆನು.