ಗಲಾಟೆಯ ನಡುವೆ ಒಂದು ಪಿಟೀಲು

ನಮ್ಮ ವಯಸ್ಸಿನವರಿಗೆ ರಘು ದೀಕ್ಷಿತ್ ಗೊತ್ತು, ‘ಅಂತರಾಗ್ನಿ’ ಗೊತ್ತಿಲ್ಲ. ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿದ ರಘು, ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಜೊತೆ ಸೇರಿ ಕಟ್ಟಿದ್ದ ತಂಡ ಅದು. ಆ ತಂಡ ನಿಂತುಹೋಗಿ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಶುರುವಾಯಿತು. 2008ರಲ್ಲಿ ಆಲ್ಬಂ ಬಂತು, ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಕಾಲೇಜು ಹುಡುಗರ ಬಾಯಲ್ಲಿ ಕೂತಿತು, ತಂಡ ಗ್ಲಾಸ್ಟನ್‌ಬರಿವರೆಗೂ ಹೋಯಿತು. ಹಳೆಯ ತಂಡದ ಹೆಸರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಐಐಟಿ ಕಾನ್ಪುರದ ಫೆಸ್ಟ್ ಎದುರಾಗುತ್ತದೆ. ಅದರ ಹೆಸರೂ ಅಂತರಾಗ್ನಿಯೇ!

ನನಗೆ ಆ ತಂಡ ಸಿಕ್ಕಿದ್ದು ಹಾಸ್ಟೆಲಿನಲ್ಲಿ ಸೀನಿಯರಿಂದ ಸೀನಿಯರಿಗೆ ದಾಟಿ ಬಂದ ಒಂದು ಹಾರ್ಡ್‌ಡಿಸ್ಕಿನಲ್ಲಿ. ಯಾವುದೋ ಕಾಲೇಜು ಫೆಸ್ಟಿನ ಲೈವ್ ರೆಕಾರ್ಡಿಂಗ್. ಮೊದಲ ಎರಡು ನಿಮಿಷ ಬರೀ ಗಲಾಟೆ: ಕುರ್ಚಿ ಎಳೆಯುವ ಸದ್ದು, ಮೈಕಿನ ಕೀರಲು, ಯಾರನ್ನೋ ಕೂಗುವ ದನಿ. ಆಮೇಲೆ ನಿಧಾನವಾಗಿ ಗಿಟಾರ್, ಅದರ ಮೇಲೆ ಪಿಟೀಲು. ಕಾವೇರಿ ಮೇಲೆ ಮುಂಜಾನೆ ಮಂಜು ಏಳುತ್ತದಲ್ಲ, ಹಾಗೆ. ಕೇಳುತ್ತಾ ಹೋದಂತೆ ಗಲಾಟೆ ತಾನಾಗಿ ಅಡಗುತ್ತದೆ. ಆ ಅಡಗುವಿಕೆಯೇ ನನಗೆ ಹೆಚ್ಚು ಇಷ್ಟ. ರೂಮ್‌ಮೇಟ್ ಸಾಫ್ಟ್‌ವೇರ್ ಹಾಕಿ ‘ಕ್ಲೀನ್’ ಮಾಡಿಕೊಟ್ಟ. ಕೆಮ್ಮು ಹೋಯಿತು, ಜನರೂ ಹೋದರು, ಪಿಟೀಲು ಡಬ್ಬಿಯೊಳಗಿಂದ ಬಂದಂತಾಯಿತು. ಮೂಲ ಫೈಲ್ ಉಳಿಸಿಕೊಂಡಿದ್ದೇನೆ.

ಆದರೆ ಆ ಫೈಲಿನಲ್ಲಿ ತಾರೀಖಿಲ್ಲ, ಊರಿಲ್ಲ, ಡ್ರಮ್ಸ್ ಬಾರಿಸಿದವರ ಹೆಸರಿಲ್ಲ. ‘ಲೈವ್ ಫೈನಲ್ 2’ ಅಂತಷ್ಟೇ ಇದೆ.

ಇದು ಚಿಕ್ಕ ವಿಷಯ ಅನಿಸಬಹುದು. ನನ್ನ ಊರು ಗೋಪಿನಾಥಂ. ಹೆಸರು ಹೇಳಿದ ಕೂಡಲೇ ಜನ ವೀರಪ್ಪನ್ ಅಂತಾರೆ. ಅವನು ಸತ್ತಿದ್ದು 2004ರ ಅಕ್ಟೋಬರ್ 18ರಂದು, ನಾನು ಹುಟ್ಟುವುದಕ್ಕೂ ಮೊದಲು. ಆ ವರ್ಷಗಳ ಬಗ್ಗೆ ಸಿನಿಮಾ ಇದೆ, ಪುಸ್ತಕ ಇದೆ, ಪೊಲೀಸ್ ಕಡತಗಳಿವೆ. ಅದೇ ವರ್ಷಗಳಲ್ಲಿ ನಮ್ಮ ಬೀದಿಯಲ್ಲಿ ಏನು ಹಾಡುತ್ತಿದ್ದರು? ಮಾದಪ್ಪನ ಗುಡ್ಡರು ರಾತ್ರಿಯಿಡೀ ಕಂಸಾಳೆ ಹಿಡಿದು ಕಥೆ ಹಾಡುತ್ತಿದ್ದರಂತೆ, ಮಾರಿಯಮ್ಮನ ಹಬ್ಬಕ್ಕೆ ತಮಿಳು ಹಾಡುಗಳಿದ್ದವಂತೆ. ಎಲ್ಲವೂ ಅಜ್ಜಿ ಹೇಳಿದ ‘ಅಂತೆ’ಗಳೇ. ಪಿ.ಕೆ. ರಾಜಶೇಖರರಂಥವರು ಹಳ್ಳಿಯ ಗಾಯಕರಿಂದ ಕೇಳಿ ಸಂಗ್ರಹಿಸಿದ್ದರಿಂದ ಮಾದೇಶ್ವರ ಕಾವ್ಯ ಪುಸ್ತಕದಲ್ಲಿ ಉಳಿದಿದೆ. ಅಜ್ಜಿ ಹೆಸರು ಹಿಡಿದು ನೆನೆಯುವ ನಮ್ಮೂರ ಹಾಡುಗಾರರ ಒಂದು ನಿಮಿಷದ ದನಿಯೂ ಯಾರ ಮನೆಯಲ್ಲೂ ಇಲ್ಲ.

ಈಗ ಎಲ್ಲರ ಕೈಯಲ್ಲೂ ಫೋನಿದೆ, ಎಲ್ಲ ತಾನೇ ಉಳಿಯುತ್ತದೆ ಅಂತ ಗೆಳೆಯರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಮೂವತ್ತು ಸೆಕೆಂಡಿನ ರೀಲ್‌ನಲ್ಲಿ ಗಲಾಟೆ ಅಡಗುವಷ್ಟು ಹೊತ್ತೇ ಇರುವುದಿಲ್ಲ. ಫೋನ್ ಬದಲಾದರೆ ಅದೂ ಹೋಯಿತು. ಸಿ.ಡಿ. ಗುಣಮಟ್ಟದ ವೇವ್ ಫೈಲ್ ನಿಮಿಷಕ್ಕೆ ಸುಮಾರು 10 ಎಂ.ಬಿ., ಗಂಟೆಗೆ 600. ಒಂದು ಸಿನಿಮಾ ಅಳಿಸಿದರೆ ಇಡೀ ಕಾರ್ಯಕ್ರಮಕ್ಕೆ ಜಾಗ ಸಿಗುತ್ತದೆ. ಜೊತೆಗೊಂದು ಪುಟ: ಯಾರು, ಎಲ್ಲಿ, ಯಾವತ್ತು, ಯಾವ ವಾದ್ಯ. ಲ್ಯಾಬ್ ರೆಕಾರ್ಡನ್ನು ಇಂಡೆಕ್ಸ್ ಸಮೇತ ಬರೆಯುವ ನಮಗೆ ಇದೇನು ಕಷ್ಟ?

ಮುಂದಿನ ತಿಂಗಳು ನಮ್ಮ ಕಾಲೇಜು ಫೆಸ್ಟ್. ಎರಡನೇ ವರ್ಷದ ಹುಡುಗರ ಬ್ಯಾಂಡ್ ಒಂದಿದೆ, ಇನ್ನೂ ಸರಿಯಾಗಿ ಹೆಸರಿಟ್ಟಿಲ್ಲ. ಸೌಂಡ್ ಸಿಸ್ಟಂನವರನ್ನು ಕೇಳಿದೆ. ಮಿಕ್ಸರಿನಿಂದ ಲ್ಯಾಪ್‌ಟಾಪಿಗೆ ಒಂದು ಕೇಬಲ್ ತಂದರೆ ಕೊಡ್ತೀನಿ ಅಂದರು.